ಏಳು ತಿಂಗಳ ಮಗಳಿಗೆ ಕಿವಿ ಕೇಳಿಸಲ್ಲ ಅಂದಿದ್ದಾರೆ, ಮನೆಯಲ್ಲಿ ಹೇಗೆ ಮಾತಾಡಿಸಬೇಕು?

ಪುತ್ತೂರಿನ_ಅಮ್ಮ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ನಾನೇ ಕೇಳುವ ಹಾಗಾಯಿತು.

ಮಗಳಿಗೆ ಏಳು ತಿಂಗಳು. ಬೇರಾ ಟೆಸ್ಟ್ (ಸದ್ದಿಗೆ ಕಿವಿಯ ನರ ಸ್ಪಂದಿಸುತ್ತದಾ ಅಂತ ನೋಡುವ ಪರೀಕ್ಷೆ) ಮಾಡಿಸಿದೆವು. ಬಲಗಿವಿ 85 ಡೆಸಿಬಲ್, ಎಡಗಿವಿ 90ಕ್ಕಿಂತ ಜಾಸ್ತಿ ಅಂತ ಬಂತು. ಎರಡೂ ಕಿವಿಗೆ ಹಿಯರಿಂಗ್ ಏಡ್ ಕೊಟ್ಟಿದ್ದಾರೆ. ಹಾಕಿದ ಕೂಡಲೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ.

ಅದಾದರೂ ಹೇಗೋ ಆಗುತ್ತದೆ. ನನ್ನ ತಲೆ ಕೆಟ್ಟಿರುವುದು ಬೇರೆ ವಿಷಯಕ್ಕೆ. ಥೆರಪಿಸ್ಟ್ "ಕೈಸನ್ನೆ ಮಾಡಬೇಡಿ, ರೂಢಿಯಾದರೆ ಮಾತೇ ಬರಲ್ಲ" ಅಂದರು. ದೆಹಲಿಯಲ್ಲಿರುವ ಚಿಕ್ಕಮ್ಮನ ಮಗ "ಸನ್ನೆ ಭಾಷೆ ಇವತ್ತೇ ಶುರು ಮಾಡಿ ಅಕ್ಕ" ಅನ್ನುತ್ತಾನೆ. ಅತ್ತೆ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಅದರ ಮೇಲೆ ಮನೆಯಲ್ಲಿ ನಾವು ಆಡುವುದು ತುಳು, ಥೆರಪಿ ಕನ್ನಡದಲ್ಲಿ. "ಮಗು ಗೊಂದಲ ಆಗುತ್ತೆ, ತುಳು ಬಿಟ್ಟುಬಿಡಿ" ಅಂತಾರೆ. ಅತ್ತೆಗೆ ಕನ್ನಡದಲ್ಲಿ ಮಗು ಆಡಿಸಲಿಕ್ಕೆ ಬರುವುದೇ ಇಲ್ಲ ಮಾರಾಯ್ರೆ. ಅವರು ಈಗ ಮಗುವಿನ ಹತ್ತಿರ ಮಾತಾಡುವುದನ್ನೇ ಕಡಿಮೆ ಮಾಡಿದ್ದಾರೆ.

ಯಾರ ಮಾತು ಕೇಳಬೇಕು? ಅನುಭವ ಇದ್ದವರು ಹೇಳಿ.

ಹೆಬ್ಬಾಳದ_ಅಪ್ಪ
ಅಕ್ಕ, ಮೊದಲು ಧೈರ್ಯ ತಗೊಳ್ಳಿ. ಏಳು ತಿಂಗಳಿಗೆ ಗೊತ್ತಾಗಿ ಮೆಷಿನ್ ಕಿವಿಗೆ ಬಂದಿದೆ ಅಂದರೆ ನಮ್ಮ ಕಡೆ ಅದು ಬೇಗ ಅಂತಲೇ ಲೆಕ್ಕ. ನಮ್ಮ ಮಗನಿಗೆ ಎರಡು ವರ್ಷ ಆಗುವವರೆಗೂ "ಗಂಡು ಮಕ್ಕಳು ಮಾತು ತಡ, ಅವರಪ್ಪನೂ ಹಾಗೇ ಇದ್ದ" ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಮಕ್ಕಳ ಡಾಕ್ಟರೂ ಅದನ್ನೇ ಹೇಳಿದರು. ಈಗ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಇದೆ, ಒಂದನೇ ಕ್ಲಾಸು, ಮನೆಯಲ್ಲಿ ವಾದ ಮಾಡಿ ನನ್ನ ತಲೆ ತಿನ್ನುತ್ತಾನೆ.

ಕಿತ್ತು ಹಾಕುವುದಕ್ಕೆ: ಮೆಷಿನ್‌ಗೆ ದಾರ ಕಟ್ಟಿ ಬೆನ್ನಿನ ಕಡೆ ಬಟ್ಟೆಗೆ ಕ್ಲಿಪ್ ಮಾಡಿ. ತೆಳ್ಳಗಿನ ಹತ್ತಿ ಟೋಪಿ ಹಾಕಿ, ಗಂಟು ಕಟ್ಟುವಂಥದ್ದು. ಹಾಲು ಕುಡಿಸುವಾಗ, ಆಟ ಆಡಿಸುವಾಗ, ಕೈ ಬ್ಯುಸಿ ಇರುವಾಗ ಹಾಕಿ. ಕಿತ್ತರೆ ಬೈಯಬೇಡಿ, ನಗಲೂಬೇಡಿ. ನಕ್ಕರೆ ಅದೇ ಆಟ ಆಗುತ್ತೆ. ಸುಮ್ನೆ ತೆಗೆದುಕೊಂಡು ಮತ್ತೆ ಹಾಕಿ.

ಬ್ಯಾಟರಿ ಬಾಗಿಲಿಗೆ ಮಕ್ಕಳ ಲಾಕ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಕೇಳಿ ಹಾಕಿಸಿ. ಗುಂಡಿ ಬ್ಯಾಟರಿ ನುಂಗಿದರೆ ಬಾಳೆಹಣ್ಣು ತಿನ್ನಿಸಿ ಕಾಯುವ ಕೆಲಸ ಅಲ್ಲ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಸುಮ್ನೆ_ಓದೋನು
ಫಾಲೋ ಮಾಡುತ್ತಿದ್ದೇನೆ. ಅಣ್ಣನ ಮಗುವಿಗೆ ಇದೇ ಕಥೆ.

ನಾಟಿಮದ್ದು_ಪ್ರಿಯ
ಬಜೆ ಕೆಟ್ಟದ್ದೇನಲ್ಲ. ನಮ್ಮ ಅಜ್ಜಿ ಮನೆಯ ಎಲ್ಲ ಮಕ್ಕಳಿಗೂ ಹಚ್ಚಿದ್ದಾರೆ. ನಾವೆಲ್ಲ ಚೆನ್ನಾಗಿ ಮಾತಾಡುತ್ತೇವೆ.

ಕಿವಿಪಾಠ_ದಾವಣಗೆರೆ
ಮೇಲಿನವರಿಗೆ: ನೀವೆಲ್ಲ ಮಾತಾಡಿದ್ದು ಕಿವಿ ಕೇಳಿಸುತ್ತಿತ್ತು ಅಂತ. ಬಜೆ ಹಚ್ಚದ ಮನೆಯ ಮಕ್ಕಳೂ ಮಾತಾಡಿದ್ದಾರೆ ಅಲ್ವಾ? ಈ ಮಗುವಿನ ನಾಲಿಗೆಗೆ ಏನೂ ಆಗಿಲ್ಲ. ತೊಂದರೆ ಇರುವುದು ಒಳಕಿವಿಯಲ್ಲಿ. ಬಜೆಯನ್ನು ಜೇನುತುಪ್ಪದಲ್ಲಿ ತೇಯುವವರು ಇದ್ದಾರೆ, ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುವುದೂ ಬೇಡ.

ನಾನು ಆಡಿಯಾಲಜಿಸ್ಟ್, ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡುವವಳು. ರಿಪೋರ್ಟ್ ನೋಡದೆ ನಿಮ್ಮ ಮಗುವಿನ ಬಗ್ಗೆ ಹೇಳಲಾರೆ, ಆದರೆ ನಂಬರ್ ಅಂದರೆ ಏನು ಅಂತ ಹೇಳಬಲ್ಲೆ. ಎದುರಿಗೆ ಕೂತು ಸಾಮಾನ್ಯವಾಗಿ ಆಡುವ ಮಾತು ಸುಮಾರು 50ರಿಂದ 60 ಡೆಸಿಬಲ್. ನಿಮ್ಮ ಮಗುವಿಗೆ 85ರ ಕೆಳಗಿನ ಸದ್ದು ಬರಿಗಿವಿಗೆ ಮುಟ್ಟುವುದಿಲ್ಲ. ಅಂದರೆ ಲಾರಿ ಹಾರ್ನ್, ಪಟಾಕಿ, ಹತ್ತಿರದಲ್ಲಿ ಬಡಿದ ತಟ್ಟೆ ಕೇಳಿಸಬಹುದು, ಅಮ್ಮನ ಮಾತು ಕೇಳಿಸುವುದಿಲ್ಲ. ಇದರಿಂದಲೇ ಎಷ್ಟೋ ಮನೆಯವರು ಮೋಸ ಹೋಗುತ್ತಾರೆ. "ಬಾಗಿಲು ಧಡಾರ್ ಅಂದರೆ ತಿರುಗುತ್ತೆ, ಕಿವಿ ಸರಿ ಇದೆ" ಅನ್ನುತ್ತಾರೆ. ಅದರಲ್ಲಿ ಅರ್ಧ ನೆಲದ ಅದುರುವಿಕೆ, ಇನ್ನರ್ಧ ಗಾಳಿ.

ನಮ್ಮಲ್ಲಿ ಒಂದು ಲೆಕ್ಕ ಇದೆ, 1-3-6 ಅಂತ. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಮೆಷಿನ್ ಮತ್ತು ಥೆರಪಿ. ನೀವು ಹೆಚ್ಚೇನೂ ತಡ ಮಾಡಿಲ್ಲ. ಈಗ ಎಚ್ಚರ ಇರುವಷ್ಟು ಹೊತ್ತೂ ಮೆಷಿನ್ ಕಿವಿಯಲ್ಲಿರಬೇಕು. ಥೆರಪಿಗೆ ಬರುವಾಗ ಮಾತ್ರ ಹಾಕಿಕೊಂಡು ಬಂದರೆ ಪ್ರಯೋಜನ ಇಲ್ಲ.

ಇನ್ನೊಂದು. ಈ ವಯಸ್ಸಿನಲ್ಲಿ ಕಿವಿ ಬೇಗ ಬೆಳೆಯುತ್ತದೆ, ಮೆಷಿನ್‌ನ ಕಿವಿಯೊಳಗೆ ಕೂರುವ ಅಚ್ಚು (ಇಯರ್ ಮೋಲ್ಡ್) ಸಡಿಲ ಆಗುತ್ತದೆ. ಕೀಂ ಅಂತ ಸಿಳ್ಳೆ ಬರುತ್ತಿದ್ದರೆ ಮೆಷಿನ್ ಕೆಟ್ಟಿದೆ ಅಂತ ವಾಲ್ಯೂಮ್ ಕಡಿಮೆ ಮಾಡಬೇಡಿ. ಹೊಸ ಇಯರ್ ಮೋಲ್ಡ್ ಮಾಡಿಸಿ. ಮೊದಲ ವರ್ಷ ಪದೇ ಪದೇ ಮಾಡಿಸಬೇಕಾಗುತ್ತದೆ.

ಪುತ್ತೂರಿನ_ಅಮ್ಮ
ಅಯ್ಯೋ, ಸಿಳ್ಳೆ ಬರುತ್ತಿದೆ! ನಾವು ಅದನ್ನು ಮಾಮೂಲು ಅಂದುಕೊಂಡಿದ್ದೆವು. ಥ್ಯಾಂಕ್ಸ್ ಮೇಡಂ. ಜೇನು ಹಾಕುತ್ತಿರಲಿಲ್ಲ, ಎದೆಹಾಲಿನಲ್ಲೇ ತೇಯುತ್ತಿದ್ದರು. ಆದರೂ ನಿಲ್ಲಿಸುತ್ತೇನೆ.

ಕೈಮಾತು
ನಾನು ಹುಟ್ಟು ಕಿವುಡ. ಮೈಸೂರು. ಬರೆಯುವುದು ನಾನೇ, ಯಾರೂ ಬರೆದುಕೊಡುತ್ತಿಲ್ಲ (ಮೊದಲೇ ಹೇಳಿಬಿಡುತ್ತೇನೆ, ಪ್ರತಿ ಸಲ ಕೇಳುತ್ತಾರೆ).

"ಸನ್ನೆ ಮಾಡಿದರೆ ಮಾತು ಬರಲ್ಲ." ಇದು ಹಳೇ ಪುರಾಣ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರು ಸಭೆ ಸೇರಿ ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ ಅಂತ ನಿರ್ಣಯ ಮಾಡಿದರು. ಓಟು ಹಾಕಿದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳುವವರು. ಅದರ ಬಿಸಿ ನಮ್ಮ ದೇಶದ ಶಾಲೆಗಳಿಗೂ ತಟ್ಟಿತು. 2010ರಲ್ಲಿ ವ್ಯಾಂಕೋವರ್‌ನಲ್ಲಿ ಅದೇ ಸಮ್ಮೇಳನ ಆ ನಿರ್ಣಯ ತಪ್ಪು ಅಂತ ಒಪ್ಪಿಕೊಂಡಿತು. 130 ವರ್ಷ ಬೇಕಾಯಿತು. ನಿಮ್ಮ ಥೆರಪಿಸ್ಟ್‌ಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ನಾನು ಓದಿದ ಶಾಲೆಯಲ್ಲಿ ಕೈ ಎತ್ತಿದರೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು. "ಪ, ಬ, ಮ" ಅಂತ ಕನ್ನಡಿ ಮುಂದೆ ವರ್ಷಗಟ್ಟಲೆ ಕೂರಿಸಿದರು. ತುಟಿ ನೋಡಿದರೆ ಮೂರೂ ಒಂದೇ. ಪ್ರಯತ್ನ ಮಾಡಿ ನೋಡಿ. ಹಾಸ್ಟೆಲಿನಲ್ಲಿ ದೊಡ್ಡ ಹುಡುಗರು ರಾತ್ರಿ ಕದ್ದು ಸನ್ನೆಯಲ್ಲಿ ಕಥೆ ಹೇಳುತ್ತಿದ್ದರು. ನನಗೆ "ನಾಳೆ", "ಯಾಕೆ", "ಒಂದು ವೇಳೆ" ಅನ್ನುವುದೆಲ್ಲ ಅರ್ಥವಾದದ್ದು ಅಲ್ಲಿ. ಕ್ಲಾಸಿನಲ್ಲಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರೂ ನಗುತ್ತಾರೆ. ಏನು ಅಂತ ಕೇಳಿದರೆ "ಏನಿಲ್ಲ, ಆಮೇಲೆ ಹೇಳ್ತೀವಿ". ಆ ಆಮೇಲೆ ಬರುವುದೇ ಇಲ್ಲ. ನಿಮ್ಮ ಮಗಳಿಗೆ ಮೆಷಿನ್ ಹಾಕಿ, ಇಂಪ್ಲಾಂಟ್ ಬೇಕಾದರೂ ಮಾಡಿಸಿ, ನಾನು ಬೇಡ ಅನ್ನಲ್ಲ. ಆದರೆ ಅದು ಕೆಲಸ ಮಾಡುತ್ತೋ ಇಲ್ಲವೋ ಅಂತ ನಾಲ್ಕು ವರ್ಷ ಭಾಷೆಯೇ ಇಲ್ಲದೆ ಕಾಯಿಸಬೇಡಿ.

ಹೆಬ್ಬಾಳದ_ಅಪ್ಪ
ಕೈಮಾತು ಅವರೇ, ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ನಿಮ್ಮ ಕಾಲ ಬೇರೆ. ಆಗ ಹಿಯರಿಂಗ್ ಏಡ್ ಅಂದರೆ ಎದೆಗೆ ಕಟ್ಟುವ ಡಬ್ಬ. ನಾವು ಸನ್ನೆ ಮುಟ್ಟಲೇ ಇಲ್ಲ, ಮಗ ಮಾತಾಡುತ್ತಾನೆ.

ಕೈಮಾತು
ರಾತ್ರಿ ಪ್ರೊಸೆಸರ್, ಅಂದರೆ ಇಂಪ್ಲಾಂಟ್‌ನ ಹೊರಗಿನ ಮೆಷಿನ್, ತೆಗೆದ ಮೇಲೆ? ಈಜುಕೊಳದಲ್ಲಿ? ಅದು ರಿಪೇರಿಗೆ ಹೋದ ವಾರ ನಿಮ್ಮ ಮಗ ಮತ್ತು ನೀವು ಏನು ಮಾಡಿದಿರಿ?

ಹೆಬ್ಬಾಳದ_ಅಪ್ಪ
ಮೈಮ್ ಮಾಡಿಕೊಂಡು ಒದ್ದಾಡಿದೆವು. ಒಪ್ಪಿದೆ ಸರ್, ಅದು ಕಷ್ಟವೇ.

ಗದಗಿನ_ಮಾಸ್ತರ
ಇಬ್ಬರದೂ ಸರಿ ಇರಬಹುದು, ಆದರೆ ನಮ್ಮ ಕಡೆಯ ಮಾತು ಹೇಳುತ್ತೇನೆ ಕೇಳಿರಿ. ಸಾಲಿ ಮಾಸ್ತರ ಇದ್ದೇನೆ. ಹಳ್ಳಿಯೊಳಗ ಸನ್ನೆ ಭಾಷೆ ಕಲಿಸುವವರು ಯಾರು ಇದ್ದಾರೆ? ಥೆರಪಿಸ್ಟ್ ಬೇಕಂದರೂ ಜಿಲ್ಲಾ ಕೇಂದ್ರಕ್ಕ ಬಸ್ಸು ಹತ್ತಬೇಕು. ನಮ್ಮ ಊರಾಗ ಒಬ್ಬ ಹುಡುಗ ಇದ್ದಾನೆ. ಅವನ ಅವ್ವ, ಅವನು ಕೂಡಿ ತಮ್ಮದೇ ಸನ್ನೆ ಮಾಡಿಕೊಂಡಾರ. ಮೀಸಿ ತಿರುವಿದರ ಅಪ್ಪ, ಮೂಗಿನ ಬಟ್ಟು ತೋರಿಸಿದರ ಅವ್ವ. ಮನಿಯೊಳಗ ನಡೀತದ. ಓಣಿ ದಾಟಿದರ ಯಾರಿಗೂ ತಿಳಿಯೂದಿಲ್ಲ.

ದೆಹಲಿಯ ಅಣ್ಣಂದಿರು "ಶುರು ಮಾಡಿ" ಅಂತ ಫೋನಿನಾಗ ಹೇಳುವುದು ಸುಲಭ.

ಕೈಮಾತು
ಮಾಸ್ತರೇ, ಕೊರತೆ ಇದೆ, ನಿಜ. ಆದರೆ ಏನೂ ಇಲ್ಲ ಅನ್ನುವ ಕಾಲ ಹೋಯಿತು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಶುರುವಾಯಿತು. ಅವರ ವಿಡಿಯೋ ನಿಘಂಟಿನಲ್ಲಿ 2021ಕ್ಕೇ 10,000 ಪದ ಇತ್ತು. ಯೂಟ್ಯೂಬಿನಲ್ಲಿ ದುಡ್ಡಿಲ್ಲದೆ ನೋಡಬಹುದು. ಡಿಸೆಂಬರ್ 2024ರಿಂದ ಕೇಂದ್ರ ಸರ್ಕಾರದ ಟಿವಿ ಪಾಠಗಳ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಪೂರ್ತಿ ಸನ್ನೆ ಭಾಷೆಗೇ ಇದೆ.

ಇನ್ನು ಊರು ಅಂದಿರಿ. ಗೌರಿಬಿದನೂರು ತಾಲ್ಲೂಕಿನ ಅಲಿಪುರ ಗೊತ್ತಾ? ಆ ಊರಿನಲ್ಲಿ ಕಿವುಡರು ಜಾಸ್ತಿ. ಅಲ್ಲಿ ತನ್ನಿಂತಾನೇ ಒಂದು ಸನ್ನೆ ಭಾಷೆ ಹುಟ್ಟಿ ಬೆಳೆದಿದೆ, ಭಾಷಾ ವಿದ್ವಾಂಸರು ಬಂದು ಅಧ್ಯಯನ ಮಾಡಿದ್ದಾರೆ. ಕಿವಿ ಕೇಳುವ ಅಂಗಡಿಯವರೂ ನೆಂಟರೂ ಅದರಲ್ಲಿ ಮಾತಾಡುತ್ತಾರೆ. ಯಾರೂ ಸರ್ಟಿಫಿಕೇಟ್ ಕೋರ್ಸ್ ಮಾಡಿದವರಲ್ಲ.

ಸುಮ್ನೆ_ಓದೋನು
ಅಲಿಪುರ ನಮ್ಮ ಪಕ್ಕದ ತಾಲ್ಲೂಕು, ಇದು ನನಗೇ ಗೊತ್ತಿರಲಿಲ್ಲ!

ರಾಯರ_ಕುದುರೆ
ಸಂಬಂಧದಲ್ಲಿ ಮದುವೆ ಆಗಿದ್ದೀರಾ? ಸೋದರಮಾವನನ್ನು ಮದುವೆ ಆದರೆ ಹೀಗೇ ಆಗುವುದು.

ಪುತ್ತೂರಿನ_ಅಮ್ಮ
ಇಲ್ಲ. ನಮ್ಮದು ಸಂಬಂಧವೇ ಅಲ್ಲ. ಆಗಿದ್ದರೂ ಈಗ ಏನು ಮಾಡಬೇಕಿತ್ತು ನಾನು?

ಮಂಡ್ಯದ_ಅಜ್ಜಿ
ಕೇಳೋ ಪ್ರಶ್ನೆನಾ ಇದು? ಆ ಹುಡುಗಿ ಏನು ಕೇಳ್ತಾವಳೆ, ನೀನು ಏನು ಹೇಳ್ತಾ ಇದ್ದೀಯ.

ಕಿವಿಪಾಠ_ದಾವಣಗೆರೆ
ಸಂಬಂಧದ ಮದುವೆಯಲ್ಲಿ ಸಾಧ್ಯತೆ ಜಾಸ್ತಿ, ಸುಳ್ಳಲ್ಲ. ಆದರೆ ಕಾರಣ ಅದೊಂದೇ ಅಲ್ಲ. ಜಿಜೆಬಿ2 ಅನ್ನುವ ಜೀನ್‌ನ ದೋಷ ಅಪ್ಪ ಅಮ್ಮ ಇಬ್ಬರಲ್ಲೂ ಸದ್ದಿಲ್ಲದೆ ಇರಬಹುದು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಸಿರಿನಲ್ಲಿ ತಾಯಿಗೆ ರುಬೆಲ್ಲಾ ಅಥವಾ ಸೈಟೊಮೆಗಾಲೊ ವೈರಸ್ ಸೋಂಕು, ಹುಟ್ಟಿದಾಗ ವಿಪರೀತ ಕಾಮಾಲೆ, ಉಸಿರು ತಡ, ತೂಕ ತೀರಾ ಕಡಿಮೆ, ಜೆಂಟಾಮೈಸಿನ್ ಥರದ ಕೆಲವು ಇಂಜೆಕ್ಷನ್, ಮೆನಿಂಜೈಟಿಸ್ ಇವೆಲ್ಲ ಕಾರಣ ಆಗಬಹುದು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ರುಬೆಲ್ಲಾ ಲಸಿಕೆ ಅಭಿಯಾನ 2017ರಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ವಾಟ್ಸಾಪ್‌ನಲ್ಲಿ ಅದರ ವಿರುದ್ಧ ಎಷ್ಟು ಸುಳ್ಳು ಓಡಾಡಿತ್ತು ನೆನಪಿದೆಯಾ?

ಎರಡನೇ ಮಗು ಯೋಚನೆ ಇದ್ದರೆ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿಕೊಳ್ಳಬಹುದು. ಅಷ್ಟೇ.

ನಿರ್ವಾಹಕ
ರಾಯರ_ಕುದುರೆ, ತಾಯಂದಿರ ಮೇಲೆ ತಪ್ಪು ಹೊರಿಸುವ ಬರಹ ಇಲ್ಲಿ ಬೇಡ. ವಿಷಯಕ್ಕೆ ಬನ್ನಿ ಎಲ್ಲರೂ.

ಕಿವಿಪಾಠ_ದಾವಣಗೆರೆ
ಸನ್ನೆಯ ವಾದಕ್ಕೆ ನನ್ನ ಕಡೆಯಿಂದ. ಸನ್ನೆ ಕಲಿತ ಕಾರಣಕ್ಕೇ ಮಗುವಿಗೆ ಮಾತು ಬರಲಿಲ್ಲ ಅಂತ ತೋರಿಸುವ ಗಟ್ಟಿ ಪುರಾವೆ ನಾನು ಓದಿದ್ದರಲ್ಲಿ ಇಲ್ಲ. ಇದನ್ನು ನನ್ನ ಸಹೋದ್ಯೋಗಿಗಳಿಗೂ ಹೇಳುತ್ತೇನೆ, ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಕೈಮಾತು ಅವರೇ, ನಾನು ದಿನಾ ನೋಡುವುದು ಬೇರೆ. ಮೆಷಿನ್ ಹಾಕಿಸಲು ಕಷ್ಟ ಅಂತ ಡಬ್ಬದಲ್ಲಿಟ್ಟು "ನಮ್ಮ ಸನ್ನೆ ಸಾಕು" ಅನ್ನುವ ಮನೆಯವರು ಕಲಿತಿರುವ ಸನ್ನೆ ಹತ್ತೋ ಹದಿನೈದೋ. ಊಟ, ನೀರು, ಬಾ, ಬೇಡ. ಅದು ಭಾಷೆ ಅಲ್ಲ. ಕಿವಿಯೂ ಹೋಯಿತು, ಭಾಷೆಯೂ ಬರಲಿಲ್ಲ. ಮೆದುಳಿನಲ್ಲಿ ಕೇಳುವ ಭಾಗ ಸದ್ದಿಗೆ ಒಗ್ಗಿಕೊಳ್ಳುವುದು ಮೊದಲ ಮೂರೂವರೆ ವರ್ಷದೊಳಗೆ ಚೆನ್ನಾಗಿ ಆಗುತ್ತದೆ. ಏಳು ವರ್ಷ ದಾಟಿದ ಮೇಲೆ ಇಂಪ್ಲಾಂಟ್ ಮಾಡಿದರೂ ಮಾತು ಕಷ್ಟ. ಸನ್ನೆಯನ್ನು ಹತ್ತು ವರ್ಷಕ್ಕೂ ಕಲಿಯಬಹುದು.

ಕೈಮಾತು
ಕೊನೆಯ ವಾಕ್ಯ ತಪ್ಪು ಮೇಡಂ. ಯಾವುದೇ ಮೊದಲ ಭಾಷೆಗೂ ಅದೇ ಗಡಿಯಾರ. ಹುಟ್ಟಿದಾಗಿನಿಂದ ಸನ್ನೆ ನೋಡಿದ ಮಕ್ಕಳು ತೊದಲುವುದೂ ಕೈಯಲ್ಲೇ. ಹತ್ತು ವರ್ಷಕ್ಕೆ ಕಲಿತವರ ಸನ್ನೆಯಲ್ಲಿ ಜೀವನಪೂರ್ತಿ ಕೊರತೆ ಉಳಿಯುತ್ತದೆ. ನನ್ನ ಜೊತೆಯವರಲ್ಲೇ ನೋಡಿದ್ದೇನೆ.

ಕಿವಿಪಾಠ_ದಾವಣಗೆರೆ
ಸರಿ, ಆ ವಾಕ್ಯ ವಾಪಸ್ ತಗೊಳ್ಳುತ್ತೇನೆ. ಉಳಿದದ್ದು ತಗೊಳ್ಳಲ್ಲ 🙂

ಕುಪರ್ಟಿನೊ_ಕನ್ನಡತಿ
ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ, ಊರು ಹಾಸನ. ಇಲ್ಲಿ ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಿಡುವ ಮೊದಲೇ ಮಗುವಿನ ಕಿವಿ ಪರೀಕ್ಷೆ ಆಗುತ್ತದೆ. ನಮ್ಮ ಮಗಳಿಗೆ ಹಾಗೇ ಗೊತ್ತಾಯಿತು. ಮೂರು ವರ್ಷದವರೆಗೆ ಥೆರಪಿಸ್ಟ್ ಮನೆಗೇ ಬರುತ್ತಿದ್ದರು. ಜೊತೆಗೆ ಒಬ್ಬ ಕಿವುಡ ಮಹಿಳೆ ಬಂದು ನಮಗೆಲ್ಲ ಅಮೆರಿಕನ್ ಸನ್ನೆ ಭಾಷೆ ಕಲಿಸಿದರು. ನಾನು ಆವರೆಗೆ ದೊಡ್ಡವರಾದ ಕಿವುಡರೊಬ್ಬರನ್ನೂ ಹತ್ತಿರದಿಂದ ನೋಡಿರಲಿಲ್ಲ. ಅವರು ಕಾರು ಓಡಿಸಿಕೊಂಡು ಬಂದಿಳಿದಾಗಲೇ ನಮ್ಮ ಅರ್ಧ ಹೆದರಿಕೆ ಹೋಯಿತು.

ಎರಡು ಭಾಷೆಯ ವಿಷಯ: ನಮಗೂ ಒಬ್ಬರು "ಇಂಗ್ಲಿಷ್ ಮಾತ್ರ ಆಡಿ" ಅಂದರು. ಇನ್ನೊಬ್ಬರು "ನಿಮಗೆ ಯಾವ ಭಾಷೆಯಲ್ಲಿ ಬೈಯಲು, ಮುದ್ದು ಮಾಡಲು, ಕಥೆ ಹೇಳಲು ಸಲೀಸೋ ಅದನ್ನೇ ಆಡಿ" ಅಂದರು. ನಾವು ಎರಡನೆಯವರ ಮಾತು ಕೇಳಿದೆವು. ಮಗಳು ಈಗ ಕನ್ನಡವೂ ಆಡುತ್ತಾಳೆ, ಇಂಗ್ಲಿಷೂ ಆಡುತ್ತಾಳೆ, ಕೈಯಲ್ಲೂ ಆಡುತ್ತಾಳೆ. "ಳ" ಮಾತ್ರ ಇನ್ನೂ ಬರಲ್ಲ, ಅದು ಇಲ್ಲಿ ಹುಟ್ಟಿದ ಅವಳ ಅಣ್ಣನಿಗೂ ಬರಲ್ಲ.

ಕಿವಿಪಾಠ_ದಾವಣಗೆರೆ
ಒಪ್ಪುತ್ತೇನೆ. ತುಳು ಬಿಡಬೇಡಿ. ಅತ್ತೆ ಬಾಯಿ ಮುಚ್ಚಿಕೊಂಡು ಕೂತರೆ ಮಗುವಿಗೆ ನಷ್ಟ. ಬೇಕಾದರೆ ಥೆರಪಿಸ್ಟ್ ಹತ್ತಿರ ಹೇಳಿ, ಅವರು ಹೇಳಿಕೊಟ್ಟ ಆಟವನ್ನೇ ಮನೆಯಲ್ಲಿ ತುಳುವಿನಲ್ಲಿ ಮಾಡಿ.

ಮಂಡ್ಯದ_ಅಜ್ಜಿ
ಮಗಳೇ, ನನ್ನ ಮೊಮ್ಮಗನಿಗೆ ಹೀಗೇ ಆಗಿತ್ತು. ಈಗ ಡಿಪ್ಲೊಮಾ ಓದ್ತಾವ್ನೆ. ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ನನ್ನ ಸೊಸೆ ಜೊತೆ ನಾನೂ ಕೂತು ಕಲಿತೆ. ಅಲ್ಲಿ ಮಕ್ಕಳ ಜೊತೆ ತಾಯಂದಿರಿಗೂ ಪಾಠ. ಅವರು ಹೇಳಿದ್ದು ಏನು ಗೊತ್ತಾ? ದಿನಾ ಮಾಡೋ ಕೆಲಸದಲ್ಲೇ ಮಾತು ಸೇರಿಸಿ ಅಂತ.

ಎಣ್ಣೆ ನೀರು ಹಾಕೋ ಮುಂಚೆ ಎಣ್ಣೆ ಬಟ್ಟಲು ಮುಖದ ಹತ್ತಿರ ಹಿಡಿದು ತೋರಿಸಬೇಕು. "ಎಣ್ಣೆ ಹಚ್ಚೋಣ್ವಾ?" ಅಂತ ಕೇಳಬೇಕು. ಕೇಳಿ ಸುಮ್ನೆ ಕಾಯಬೇಕು. ಮಗು ಕಾಲು ಆಡಿಸುತ್ತೆ, ಇಲ್ಲ ಬಟ್ಟಲು ನೋಡುತ್ತೆ. ಅದೇ ಉತ್ತರ. ಆಮೇಲೆ ಹಚ್ಚಬೇಕು. ನಾವು ಮಾಡ್ತಿದ್ದದ್ದು ಏನು? ದಬಕ್ಕನೆ ಎತ್ತಿಕೊಂಡು ಹೋಗಿ ನೀರು ಸುರಿಯೋದು. ಕೇಳಿಸದ ಕೂಸಿಗೆ ಹಿಂದಿನಿಂದ ಯಾರೋ ಎತ್ತಿಕೊಂಡರೆ ಭಯ ಆಗಲ್ವಾ? ಹತ್ತಿರ ಹೋಗೋವಾಗ ನೆಲ ತಟ್ಟಿ, ಇಲ್ಲ ಮುಂದಿನಿಂದ ಹೋಗಿ. ದೀಪ ಆರಿಸೋ ಮುಂಚೆ ಕೈ ತೋರಿಸಿ.

ಸ್ನಾನದ ಹೊತ್ತಿಗೆ ಮೆಷಿನ್ ತೆಗೀಬೇಕು, ಮರೀಬೇಡ.

ಅತ್ತೆ ಹಾಡೋದು ನಿಲ್ಲಿಸಬೇಡಿ ಅಂತ ಹೇಳು. ಎದೆಗೆ ಒರಗಿಸಿಕೊಂಡು ಹಾಡಿದರೆ ಎದೆ ಅದುರೋದು ಕೂಸಿಗೆ ಗೊತ್ತಾಗುತ್ತೆ.

ಪುತ್ತೂರಿನ_ಅಮ್ಮ
ಅಜ್ಜಿ, ಇದನ್ನು ಅತ್ತೆಗೆ ಓದಿ ಹೇಳಿದೆ. ಕಣ್ಣಲ್ಲಿ ನೀರು ಹಾಕಿಕೊಂಡರು. ಪಾಡ್ದನ (ನಮ್ಮ ತುಳು ಜನಪದ ಹಾಡು) ಹಾಡಬಹುದಾ ಅಂತ ಕೇಳುತ್ತಿದ್ದಾರೆ.

ಮಂಡ್ಯದ_ಅಜ್ಜಿ
ಧಾರಾಳವಾಗಿ!

ಹೆಬ್ಬಾಳದ_ಅಪ್ಪ
ದಿನಾ ಬೆಳಿಗ್ಗೆ ಮಾಡಲು ಒಂದು ಕೆಲಸ ಸೇರಿಸುತ್ತೇನೆ. ಮೆಷಿನ್‌ನಲ್ಲಿ ಮಗುವಿಗೆ ಸರಿಯಾಗಿ ಕೇಳಿಸುತ್ತಿದೆಯಾ ಅಂತ ನೋಡುವ "ಲಿಂಗ್ ಆರು ಸದ್ದು" (Ling ಅನ್ನುವವರ ಹೆಸರಿನದು). ಆ, ಈ, ಊ, ಮ್, ಶ್, ಸ್. ಬಾಯಿ ಮುಚ್ಚಿಕೊಂಡು, ಅಂದರೆ ಮಗು ತುಟಿ ನೋಡದ ಹಾಗೆ, ಒಂದೊಂದೇ ಹೇಳಬೇಕು. ಮಾತಿನ ತಗ್ಗಿನ ದನಿಯಿಂದ ಕೀಚಲು ದನಿಯವರೆಗೆ ಎಲ್ಲ ಇದರಲ್ಲಿ ಬರುತ್ತದೆ. ನಿನ್ನೆ ಸ್ಪಂದಿಸಿದ ಸದ್ದಿಗೆ ಇವತ್ತು ಸ್ಪಂದಿಸದಿದ್ದರೆ ಬ್ಯಾಟರಿ, ಅಚ್ಚು, ಶೀತ ಯಾವುದೋ ಒಂದು ಕಾರಣ ಇರುತ್ತೆ. ಶುರುವಿನಲ್ಲಿ ಏಳು ತಿಂಗಳ ಮಗು ತಿರುಗಿ ನೋಡಲ್ಲ. ಚೀಪುವುದು ನಿಲ್ಲಿಸಬಹುದು, ಕಣ್ಣು ಅಗಲ ಮಾಡಬಹುದು, ಅಷ್ಟೇ. ಅದನ್ನು ಗುರುತಿಸಲು ಕಲಿಯುವುದೇ ಅಪ್ಪ ಅಮ್ಮನ ಥೆರಪಿ.

ಟಿವಿ ಆಫ್. ಮಿಕ್ಸಿ ಓಡುವಾಗ ಮಾತು ಬೇಡ. ಮೆಷಿನ್ ಎಲ್ಲ ಸದ್ದನ್ನೂ ಸೇರಿಸಿ ದೊಡ್ಡದು ಮಾಡುತ್ತೆ. ಒಂದು ಮೀಟರ್ ಒಳಗೆ ಬಂದು ಮಾಮೂಲು ದನಿಯಲ್ಲಿ ಮಾತಾಡಿ. ಕಿರುಚಿದರೆ ಮಾತು ವಿಕಾರ ಆಗುತ್ತೆ, ಮುಖವೂ.

ತುಂಗೆಯ_ತೀರ
ಎಚ್ಚರಿಕೆ ಒಂದು ಹೇಳಬೇಕು. ನನ್ನ ಮಗ ಹುಟ್ಟಿದಾಗ ಓಎಇ ಅನ್ನುವ ಕಿವಿ ಸ್ಕ್ರೀನಿಂಗ್ ಟೆಸ್ಟ್ ಪಾಸ್ ಆಗಿದ್ದ. ಚೀಟಿಯಲ್ಲಿ ಹಸಿರು ಶಾಯಿಯಲ್ಲಿ ಬರೆದುಕೊಟ್ಟರು. ಕಾಮಾಲೆಗೆ ಐಸಿಯುನಲ್ಲಿದ್ದ ಮಗು, ಆದರೂ ಬೇರಾ ಮಾಡಿಸಿ ಅಂತ ಆ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ಒಂದೂವರೆ ವರ್ಷಕ್ಕೆ ಬೇರೆ ಕಡೆ ಮಾಡಿಸಿದರೆ ಅಲೆಯೇ ಇಲ್ಲ. ಆಡಿಟರಿ ನ್ಯೂರೋಪತಿ, ಅಂದರೆ ಕೇಳುವ ನರದ ತೊಂದರೆ ಅಂದರು.

ಕಿವಿಪಾಠ_ದಾವಣಗೆರೆ
ಹೌದು. ಓಎಇ ನೋಡುವುದು ಒಳಕಿವಿಯ ಕೂದಲ ಕೋಶಗಳನ್ನು ಮಾತ್ರ. ನರದಲ್ಲಿ ತೊಂದರೆ ಇದ್ದರೆ ಅದಕ್ಕೆ ಕಾಣಿಸುವುದಿಲ್ಲ. ಐಸಿಯುನಲ್ಲಿದ್ದ ಮಕ್ಕಳಿಗೆ ಬೇರಾ ಮಾಡಿಸಲೇಬೇಕು. ಓದುತ್ತಿರುವ ಹೊಸ ಅಪ್ಪ ಅಮ್ಮಂದಿರೇ, ದಯವಿಟ್ಟು ಇದನ್ನು ಗುರುತು ಹಾಕಿಕೊಳ್ಳಿ.

ಸುಮ್ನೆ_ಓದೋನು
ಇಂಪ್ಲಾಂಟ್‌ಗೆ ಎಷ್ಟು ಖರ್ಚು ಬರುತ್ತೆ? ಅಣ್ಣ ಹೆದರಿಕೊಂಡಿದ್ದಾನೆ, ಗದ್ದೆ ಮಾರಬೇಕಾ ಅಂತ.

ಹೆಬ್ಬಾಳದ_ಅಪ್ಪ
ಗದ್ದೆ ಮಾರುವ ಮೊದಲು ಸರ್ಕಾರಿ ದಾರಿ ನೋಡಿ. ಕರ್ನಾಟಕ ಆರೋಗ್ಯ ಇಲಾಖೆಯ ಶ್ರವಣ ಸಂಜೀವಿನಿ ಯೋಜನೆ ಇದೆ, ಆರು ವರ್ಷದೊಳಗಿನ ಮಕ್ಕಳಿಗೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆ ಇದೆ, ಇಂಪ್ಲಾಂಟ್ ವಿಷಯದಲ್ಲಿ ಅದನ್ನು ನೋಡಿಕೊಳ್ಳುವುದು ಮುಂಬೈನ ಅಲಿ ಯಾವರ್ ಜಂಗ್ ಸಂಸ್ಥೆ. ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಅಂತ ಮಕ್ಕಳ ವಿಭಾಗ ಇರುತ್ತೆ, ಅಲ್ಲಿ ಕೇಳಿ. ಆಶಾ ಅಕ್ಕ, ಅಂಗನವಾಡಿ ಟೀಚರ್‌ಗೂ ದಾರಿ ಗೊತ್ತಿರುತ್ತೆ. ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಈಗಲೇ ಅರ್ಜಿ ಹಾಕಿ.

ಯಾರೂ ಮೊದಲೇ ಹೇಳದ ವಿಷಯ: ಆಪರೇಷನ್ ಉಚಿತ ಆದರೂ ಆಮೇಲಿನ ಖರ್ಚು ಇದೆ. ಕೇಬಲ್, ಕಾಯಿಲ್, ಬ್ಯಾಟರಿ. ಕೆಲವು ವರ್ಷದ ಮೇಲೆ ಪ್ರೊಸೆಸರ್ ಬದಲಿಸಬೇಕಾದರೆ ಲಕ್ಷಗಳಲ್ಲಿ ಹೇಳುತ್ತಾರೆ. ವಾರಂಟಿ ಎಷ್ಟು ವರ್ಷ, ಸರ್ವಿಸ್ ಎಲ್ಲಿ ಅಂತ ಮೊದಲೇ ಬರೆಸಿಕೊಳ್ಳಿ. ನ್ಯುಮೊಕಾಕಲ್ ಲಸಿಕೆ ಆಪರೇಷನ್‌ಗೆ ಮುಂಚೆ ಹಾಕಿಸಬೇಕು, ಮೆನಿಂಜೈಟಿಸ್ ಅಪಾಯಕ್ಕೆ.

ಇಂಪ್ಲಾಂಟ್ ಮೊದಲ ಸಲ ಸ್ವಿಚ್ ಆನ್ ಮಾಡುವ ದಿನ ಮಗು ನಗುವ ವಿಡಿಯೋ ನೋಡಿರುತ್ತೀರಿ. ನಮ್ಮವನು ಹೆದರಿ ಕಿರುಚಿ ಅತ್ತ. ಅದೂ ಮಾಮೂಲೇ. ಆ ದಿನ ಅವನ ಕಿವಿಗೆ ವಯಸ್ಸು ಸೊನ್ನೆ. ಅಲ್ಲಿಂದ ಲೆಕ್ಕ.

ಗದಗಿನ_ಮಾಸ್ತರ
ಇಂಪ್ಲಾಂಟ್ ಆದ ಮಕ್ಕಳು ನಮ್ಮ ಸಾಲಿಗೂ ಬಂದಾರ. ಆಪರೇಷನ್ ಫೋಟೊ ಪೇಪರಿನಾಗ ಬರ್ತದ, ಥೆರಪಿಗೆ ಯಾರೂ ಬಸ್ ಚಾರ್ಜ್ ಕೊಡೂದಿಲ್ಲ. ಕೇಬಲ್ ಹರಿದು ಮಷಿನ್ ಟ್ರಂಕಿನಾಗ ಇಟ್ಟವರು ಇದ್ದಾರ. ಈಗ ಕೈಮಾತು ಅವರ ಮಾತು ನನಗ ಸ್ವಲ್ಪ ಹಿಡಿಸಾಕತ್ತೈತಿ.

ತುಂಗೆಯ_ತೀರ
ಮಳೆಗಾಲಕ್ಕೆ ಏನು ಮಾಡುತ್ತೀರಿ ಎಲ್ಲರೂ? ನಮ್ಮಲ್ಲಿ ಜೂನ್‌ನಿಂದ ಮೆಷಿನ್ ಕರಕರ ಅನ್ನುತ್ತೆ.

ಕಿವಿಪಾಠ_ದಾವಣಗೆರೆ
ರಾತ್ರಿ ಬ್ಯಾಟರಿ ತೆಗೆದು, ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದರೆ ಒಣಗಿಸಿ. ಅಕ್ಕಿ ಡಬ್ಬ ಬೇಡ, ಧೂಳು ಹೋಗುತ್ತೆ. ಬ್ಯಾಟರಿಯ ಸ್ಟಿಕ್ಕರ್ ತೆಗೆದು ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ, ಅದು ಗಾಳಿಯಿಂದ ಓಡುವ ಬ್ಯಾಟರಿ.

ಸುಮ್ನೆ_ಓದೋನು
ನಾಯಿ ಇದ್ದ ಮನೆಯವರು ಹುಷಾರು. ಅಣ್ಣನ ಮನೆಯ ಟಾಮಿ ಒಂದು ಮೆಷಿನ್ ಅಗಿದು ಹಾಕಿತು. ಸಿಳ್ಳೆ ಸದ್ದಿಗೆ ಬಂತಂತೆ.

ರಾಯರ_ಕುದುರೆ
😂 ಟಾಮಿಗೆ ಮಾತ್ರ ಚೆನ್ನಾಗಿ ಕೇಳಿಸಿದೆ.

ಪುತ್ತೂರಿನ_ಅಮ್ಮ
ಎಲ್ಲರಿಗೂ ತುಂಬಾ ಉಪಕಾರ. ಹೊಸ ಅಚ್ಚಿಗೆ ಹೇಳಿ ಬಂದಿದ್ದೇವೆ. ಥೆರಪಿ ಬಿಡುವುದಿಲ್ಲ, ತುಳುವೂ ಬಿಡುವುದಿಲ್ಲ. ಸನ್ನೆ ವಿಷಯ ಥೆರಪಿಸ್ಟ್ ಹತ್ತಿರ ಮಾತಾಡಿದೆ, ಅವರಿಗೆ ಅಷ್ಟು ಇಷ್ಟ ಆಗಲಿಲ್ಲ. ನಾನು ಕಲಿಯುತ್ತೇನೆ ಅಂತ ಹೇಳಿಯೇ ಬಂದೆ. ಗಂಡನಿಗೆ ಇನ್ನೂ ಅನುಮಾನ ಇದೆ. ಕೈಮಾತು ಅಣ್ಣ, ಮೊದಲು ಏನು ಕಲಿಯಬೇಕು?

ಕೈಮಾತು
ಹಾಲು, ಸಾಕು, ಇನ್ನೂ ಬೇಕು, ಬೆಳಕು, ಅಜ್ಜಿ, ನಾಯಿ. ಮಗು ಯಾವುದನ್ನು ನೋಡುತ್ತಿದೆಯೋ ಅದರ ಹತ್ತಿರವೇ ಕೈ ಒಯ್ದು ಸನ್ನೆ ಮಾಡಿ. ಮಗುವಿನ ಮುಖ ಎಳೆದು ನಿಮ್ಮ ಕಡೆ ತಿರುಗಿಸಬೇಡಿ. ಬರಿ ಪದ ಸಾಲದು, ಹುಬ್ಬು, ಬಾಯಿ, ಭುಜ ಎಲ್ಲ ಭಾಷೆಯೇ. ಪ್ರಶ್ನೆ ಕೇಳುವಾಗ ಹುಬ್ಬು ಆಡಲೇಬೇಕು. ಮಗುವಿಗಿಂತ ಒಂದು ವಾರ ಮುಂದೆ ಇದ್ದರೆ ಸಾಕು ನೀವು.

ಭಾನುವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುತ್ತೇನೆ, ದುಡ್ಡು ಬೇಡ. ಗಂಡನನ್ನೂ ಕೂರಿಸಿ. ಬೇರೆ ಯಾರಾದರೂ ಬರುತ್ತೀರಾ?

ಹೆಬ್ಬಾಳದ_ಅಪ್ಪ
ನಾನು, ಮಗ ಇಬ್ಬರೂ.

ಗದಗಿನ_ಮಾಸ್ತರ
ಆ ಹುಡುಗನ್ನ, ಅವನ ಅವ್ವನ್ನ ಸಾಲಿಗೆ ಕರೆಸಿ ನನ್ನ ಫೋನಿನಾಗ ಕೂಡಿಸ್ತೇನ್ರಿ. ನೆಟ್‌ವರ್ಕ್ ದೇವರ ಕೈಯಾಗ.

ಕಿವಿಪಾಠ_ದಾವಣಗೆರೆ
ನಾನೂ ಬರಬಹುದಾ? ನಮ್ಮ ಮನೆಯಲ್ಲಿ ಆ ಹೊತ್ತಿಗೆ ಮಕ್ಕಳ ಗಲಾಟೆ, ಕುಕ್ಕರ್, ಮಿಕ್ಸಿ ಎಲ್ಲ ಇರುತ್ತೆ.

ಕೈಮಾತು
ಬನ್ನಿ ಮೇಡಂ. ಕೈ ಕಾಣುವ ಹಾಗೆ ಫೋನ್ ದೂರ ಇಡಿ. ಮಿಕ್ಸಿಯಿಂದ ನನಗೇನೂ ತೊಂದರೆ ಇಲ್ಲ.